ಕುದ್ಮುಲ್ ರಂಗರಾವ್

ಕುದ್ಮುಲ್ ರಂಗರಾವ್ (29 ಜೂನ್ 1859 – 30 ಜನವರಿ 1928) ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಸಮಾಜ ಸುಧಾರಕರು, ವಕೀಲರು ಹಾಗೂ ಮಂಗಳೂರಿನ ಬ್ರಹ್ಮಸಮಾಜದ ಮುಂದಾಳುಗಳಲ್ಲಿ ಒಬ್ಬರು. ಅವರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ (ಡಿ.ಸಿ.ಎಂ.) ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯಗಳ ಮಕ್ಕಳಿಗೆ ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸ ಮೊದಲಾದ ಕಸುಬುಗಳನ್ನು ಕಲಿಸಿ, ಕೂಲಿಯ ಹೊರತಾದ ಜೀವನೋಪಾಯವನ್ನು ಒದಗಿಸಲು ಯತ್ನಿಸಿದವರಲ್ಲಿ ಅವರು ಕರ್ನಾಟಕದ ಮೊದಲಿಗರ ಸಾಲಿನಲ್ಲಿದ್ದಾರೆ.

ಜನನ ಮತ್ತು ಆರಂಭಿಕ ಜೀವನ

ರಂಗರಾಯರು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ದೇವಪ್ಪಯ್ಯ, ತಾಯಿ ಗೌರಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಜೀವನೋಪಾಯಕ್ಕಾಗಿ ಮಂಗಳೂರಿಗೆ ಬಂದರು. ಅಲ್ಪ ಸಂಬಳದ ಶಿಕ್ಷಕರಾಗಿ ದುಡಿಯುತ್ತಲೇ ಓದನ್ನು ಮುಂದುವರಿಸಿ, ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಂಗಳೂರಿನ ನ್ಯಾಯಾಲಯದಲ್ಲಿ ವೃತ್ತಿಯನ್ನು ಆರಂಭಿಸಿದರು. ಬಡವರ ಪರವಾಗಿ ವಾದಿಸುವ ಪ್ರಾಮಾಣಿಕ ವಕೀಲರೆಂದು ಹೆಸರಾದರು.

ಮಂಗಳೂರಿನಲ್ಲಿ 1870ರಲ್ಲಿ ಬ್ರಹ್ಮಸಮಾಜವು ನೆಲೆಯೂರಿತ್ತು. ಅದರ ಪ್ರವರ್ತಕರಾದ ಉಳ್ಳಾಲ ರಘುನಾಥಯ್ಯನವರ ಪ್ರಭಾವಕ್ಕೆ ಒಳಗಾದ ರಂಗರಾಯರು ಜಾತಿಭೇದವನ್ನು ಧರ್ಮವಿರೋಧಿಯೆಂದು ಪರಿಗಣಿಸಿದರು.

ಸಾಮಾಜಿಕ ಹಿನ್ನೆಲೆ

ಆ ಕಾಲದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಸ್ಪೃಶ್ಯರೆನಿಸಿಕೊಂಡವರನ್ನು ಸರಕಾರಿ ಕಡತಗಳಲ್ಲಿ ಪಂಚಮರೆಂದು ಕರೆಯಲಾಗುತ್ತಿತ್ತು. ಅವರಲ್ಲಿ ಬಹುಪಾಲು ಜನ ಸ್ವಂತ ಭೂಮಿಯಿಲ್ಲದೆ ಒಡೆಯರ ಗದ್ದೆಗಳಲ್ಲಿ ದುಡಿಯುತ್ತಿದ್ದರು. ಕರಾವಳಿಯ ಕೂಲಿಯಾಳುಗಳು ಮೇಸ್ತ್ರಿಗಳಿಂದ ಮುಂಗಡ ಪಡೆದು ಘಟ್ಟ ಹತ್ತಿ, ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಕಾಫಿ ತೋಟಗಳಿಗೆ ಹೋಗುವುದೂ ವಾಡಿಕೆಯಾಗಿತ್ತು. ಇಂದಿನ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳ ಪ್ರದೇಶವು ಆಗ ಆ ಜಿಲ್ಲೆಗೆ ಸೇರಿತ್ತು. ಗದ್ದೆಯಲ್ಲಾಗಲಿ ತೋಟದಲ್ಲಾಗಲಿ, ಪಡೆದ ಮುಂಗಡವೇ ಸಾಲವಾಗಿ ದುಡಿಮೆಗಾರನನ್ನು ಕಟ್ಟಿಹಾಕುತ್ತಿತ್ತು.

ಕಸುಬುಗಳು ಜಾತಿಗೆ ಅಂಟಿಕೊಂಡಿದ್ದುದರಿಂದ ಬೇರೆ ಉದ್ಯೋಗವನ್ನು ಕಲಿಯುವ ದಾರಿ ಈ ಸಮುದಾಯಗಳಿಗೆ ಮುಚ್ಚಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಸಂಸ್ಥೆಯು 1851ರಲ್ಲಿ ನೇಯ್ಗೆಯ ಕಾರ್ಖಾನೆಯನ್ನು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿ, ಮುಖ್ಯವಾಗಿ ಮತಾಂತರಗೊಂಡು ಹಿಂದಿನ ಆಸರೆಯನ್ನು ಕಳೆದುಕೊಂಡವರಿಗೆ ಉದ್ಯೋಗ ನೀಡಿತ್ತು. ಕಸುಬಿನ ತರಬೇತಿಯು ಒಂದು ಸಮುದಾಯದ ಬದುಕನ್ನು ಬದಲಿಸಬಲ್ಲದು ಎಂಬುದಕ್ಕೆ ಈ ಕಾರ್ಖಾನೆಗಳು ಊರಿನಲ್ಲೇ ಇದ್ದ ನಿದರ್ಶನವಾಗಿದ್ದವು.

ಮೊದಲ ಶಾಲೆ

ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಮೇಲ್ಜಾತಿಯವರಿಂದ ತೀವ್ರ ವಿರೋಧ ಎದುರಾಯಿತು. ಅಲ್ಲಿ ಪಾಠ ಹೇಳಲು ಹಿಂದೂ ಶಿಕ್ಷಕರು ಮುಂದೆ ಬಾರದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಳ್ಳಲಾಯಿತು. ರಂಗರಾಯರ ಕುಟುಂಬವು ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಆದರೂ ಅವರು ಹಿಂಜರಿಯಲಿಲ್ಲ. ಪತ್ನಿ ರುಕ್ಮಿಣಿಯಮ್ಮನವರು ಅವರ ಕಾರ್ಯದಲ್ಲಿ ಜೊತೆಯಾಗಿ ನಿಂತರು. ಮುಂದೆ ಕಂಕನಾಡಿ, ಬೋಳೂರು, ಮೂಲ್ಕಿ, ಉಡುಪಿ ಮೊದಲಾದೆಡೆ ಶಾಲೆಗಳು ಆರಂಭವಾದವು.

ಶಾಲೆ ತೆರೆದಿದ್ದರೂ ಮಕ್ಕಳನ್ನು ಅಲ್ಲಿ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ದನ ಕಾಯುವ, ಸೊಪ್ಪು ಹೊರುವ ಮಗುವಿನ ದುಡಿಮೆಯೂ ಮನೆಯ ಗಂಜಿಗೆ ಬೇಕಾಗಿತ್ತು. ಇದನ್ನು ಅರಿತ ರಂಗರಾಯರು ಶಾಲೆಗೆ ಬರುವ ಮಕ್ಕಳಿಗೆ ಊಟವನ್ನೂ ಸಣ್ಣ ಮೊತ್ತದ ಹಣವನ್ನೂ ಕೊಡುವ ಏರ್ಪಾಡು ಮಾಡಿದರು. ಕಲಿಯುವ ಕಾಲದಲ್ಲಿ ನಷ್ಟವಾಗುವ ಕೂಲಿಯನ್ನು ತುಂಬಿಕೊಡದೆ ಬಡವರಿಗೆ ಶಿಕ್ಷಣ ದಕ್ಕುವುದಿಲ್ಲ ಎಂಬ ತಿಳಿವಳಿಕೆ ಈ ಏರ್ಪಾಡಿನ ಹಿಂದಿತ್ತು.

ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಮತ್ತು ಕೈಗಾರಿಕಾ ತರಬೇತಿ

1897ರಲ್ಲಿ ಸ್ಥಾಪನೆಯಾದ ಮಿಷನ್ನಿನ ಕಾರ್ಯವು ಶಿಕ್ಷಣ, ವಸತಿ ಮತ್ತು ಉದ್ಯೋಗ ಎಂಬ ಮೂರು ನೆಲೆಗಳಲ್ಲಿ ಸಾಗಿತು. ಮಂಗಳೂರಿನ ಶೇಡಿಗುಡ್ಡೆಯು ಅದರ ಕೇಂದ್ರವಾಯಿತು. ಅಲ್ಲಿನ ಕೈಗಾರಿಕಾ ಶಾಲೆಯಲ್ಲಿ ನೇಯ್ಗೆ, ಬಡಗಿ ಕೆಲಸ, ರೇಷ್ಮೆ ಹುಳು ಸಾಕಣೆ ಮತ್ತು ತೋಟಗಾರಿಕೆಯನ್ನು ಕಲಿಸಲಾಗುತ್ತಿತ್ತು. ಮಕ್ಕಳಿಗಾಗಿ ವಸತಿನಿಲಯವನ್ನು ತೆರೆಯಲಾಯಿತು. ನಿವೇಶನವಿಲ್ಲದ ಕುಟುಂಬಗಳಿಗೆ ಭೂಮಿಯನ್ನು ಒದಗಿಸಿ ಕಾಲೊನಿಗಳನ್ನು ನಿರ್ಮಿಸಲಾಯಿತು.

ಈ ಮೂರು ಕಾರ್ಯಗಳು ಒಂದನ್ನೊಂದು ಅವಲಂಬಿಸಿದ್ದವು. ಒಡೆಯನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನು ಒಡೆಯನ ಇಚ್ಛೆಗೆ ವಿರುದ್ಧವಾಗಿ ಮಗನನ್ನು ಮಗ್ಗದ ಕೆಲಸಕ್ಕೆ ಕಳುಹಿಸುವುದು ಸುಲಭವಾಗಿರಲಿಲ್ಲ. ಸ್ವಂತ ನೆಲೆ ದೊರೆತಾಗ ಮಾತ್ರ ಕಲಿತ ಕಸುಬು ಅವನ ಪಾಲಿಗೆ ಉಪಯುಕ್ತವಾಗುತ್ತಿತ್ತು.

1906ರಲ್ಲಿ ವಿಠ್ಠಲ ರಾಮಜಿ ಶಿಂಧೆಯವರು ಮುಂಬಯಿಯಲ್ಲಿ ಇದೇ ಬಗೆಯ ಹೆಸರು ಮತ್ತು ಉದ್ದೇಶವುಳ್ಳ ಸಂಸ್ಥೆಯನ್ನು ಆರಂಭಿಸಿದರು. ಅದಕ್ಕಿಂತ ಸುಮಾರು ಒಂಬತ್ತು ವರ್ಷ ಮೊದಲೇ ಮಂಗಳೂರಿನ ಮಿಷನ್ ಕಾರ್ಯನಿರತವಾಗಿತ್ತು.

ಹಣಕಾಸು ಮತ್ತು ಸಹಾಯಧನ

ಮದರಾಸು ಪ್ರಾಂತ್ಯದಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನ ನೀಡುವ ಪದ್ಧತಿಯು 1854ರ ವುಡ್ ವರದಿಯ ನಂತರ ಜಾರಿಗೆ ಬಂದಿತು. ಈ ಪದ್ಧತಿಯಲ್ಲಿ ಸರಕಾರವು ವೆಚ್ಚದ ಒಂದು ಭಾಗವನ್ನಷ್ಟೇ ಭರಿಸುತ್ತಿತ್ತು. ಉಳಿದುದನ್ನು ಆಡಳಿತ ಮಂಡಳಿಯೇ ಸಂಗ್ರಹಿಸಬೇಕಾಗಿತ್ತು. ಶಿಕ್ಷಣ ಇಲಾಖೆಯ ಪರಿವೀಕ್ಷಣೆಗೆ ಒಳಪಡುವುದು ಕಡ್ಡಾಯವಾಗಿತ್ತು. ಪರೀಕ್ಷೆಯ ಫಲಿತಾಂಶವನ್ನು ಆಧರಿಸಿ ಹಣ ನೀಡುವ ಕ್ರಮವೂ ಬಹುಕಾಲ ರೂಢಿಯಲ್ಲಿತ್ತು. ದುಡಿಮೆಯ ದಿನಗಳಲ್ಲಿ ಮಕ್ಕಳು ಶಾಲೆ ಬಿಡುತ್ತಿದ್ದ ಸಮುದಾಯಗಳಿಗೆ ಇಂತಹ ಕ್ರಮವು ಪ್ರತಿಕೂಲವಾಗಿತ್ತು.

1893ರಲ್ಲಿ ಮದರಾಸು ಸರಕಾರವು ಪಂಚಮರ ಶಿಕ್ಷಣಕ್ಕೆ ಸಂಬಂಧಿಸಿದ ವಿಶೇಷ ಆದೇಶವನ್ನು ಹೊರಡಿಸಿ, ಅವರ ಶಾಲೆಗಳಿಗೆ ಹೆಚ್ಚಿನ ದರದ ಸಹಾಯಧನ, ಶಿಕ್ಷಕ ತರಬೇತಿ ಪಡೆಯುವ ಪಂಚಮರಿಗೆ ವೇತನ ಮೊದಲಾದ ಸೌಲಭ್ಯಗಳನ್ನು ಪ್ರಕಟಿಸಿತು. ಚಿಲಿಂಬಿಯ ಶಾಲೆಯು ಅದಕ್ಕೂ ಒಂದು ವರ್ಷ ಮೊದಲು ಆರಂಭವಾಗಿತ್ತು ಎಂಬುದು ಗಮನಾರ್ಹ. ಪ್ರಾಂತ್ಯದಲ್ಲಿ ದಲಿತರ ಏಳಿಗೆಯ ಹೊಣೆಯುಳ್ಳ ಲೇಬರ್ ಕಮಿಷನರ್ ಹುದ್ದೆ ಸೃಷ್ಟಿಯಾದದ್ದು 1920ರ ಸುಮಾರಿಗೆ. ಆ ವೇಳೆಗೆ ಮಂಗಳೂರಿನ ಮಿಷನ್ ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿತ್ತು.

ಮಗ್ಗ, ನೂಲು, ಉಪಕರಣಗಳು, ಕಸುಬು ಕಲಿಸುವವರ ಸಂಬಳ ಮತ್ತು ಮಕ್ಕಳ ಊಟದ ಖರ್ಚು ಇವೆಲ್ಲವೂ ಸೇರಿ ಕೈಗಾರಿಕಾ ಶಾಲೆಯ ವೆಚ್ಚವು ಸಾಮಾನ್ಯ ಶಾಲೆಯ ವೆಚ್ಚಕ್ಕಿಂತ ಅಧಿಕವಾಗಿರುತ್ತಿತ್ತು. ಇದಕ್ಕಾಗಿ ರಂಗರಾಯರು ವಕೀಲಿಯ ಸಂಪಾದನೆಯನ್ನು ವಿನಿಯೋಗಿಸಿದರು ಮತ್ತು ದಾನಿಗಳಿಂದ ವಂತಿಗೆ ಸಂಗ್ರಹಿಸಿದರು. ಅವರ ಸೇವೆಯನ್ನು ಗುರುತಿಸಿ ಸರಕಾರವು ರಾವ್ ಸಾಹೇಬ್ ಬಿರುದನ್ನು ನೀಡಿತು.

ಕುಟುಂಬ

ರಂಗರಾಯರು ವಿಧವಾ ವಿವಾಹದ ಸಮರ್ಥಕರಾಗಿದ್ದರು. ಅವರ ಮಗಳು ರಾಧಾಬಾಯಿ 1912ರಲ್ಲಿ ಕುಮಾರಮಂಗಲಂ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. ಇದು ಅಂತರ್ಜಾತೀಯ ವಿವಾಹವಾಗಿತ್ತು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಪ್ರಧಾನ ಸಚಿವರಾಗಿದ್ದರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ. ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ ಹಾಗೂ ಸಂಸದೆ ಪಾರ್ವತಿ ಕೃಷ್ಣನ್ ರಂಗರಾಯರ ಮೊಮ್ಮಕ್ಕಳು.

ಕೊನೆಯ ದಿನಗಳು

ವೃದ್ಧಾಪ್ಯದಲ್ಲಿ ಮಿಷನ್ನಿನ ಹೊಣೆಯು ಭಾರತ ಸೇವಕ ಸಂಘಕ್ಕೆ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ವರ್ಗಾವಣೆಯಾಯಿತು. 1927ರಲ್ಲಿ ಸಂನ್ಯಾಸ ಸ್ವೀಕರಿಸಿದ ರಂಗರಾಯರು ಸ್ವಾಮಿ ಈಶ್ವರಾನಂದರೆಂಬ ಹೆಸರನ್ನು ತಳೆದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ಜಾಡಮಾಲಿಗಳಾದ ತೋಟಿ ಸಮುದಾಯದವರೇ ನೆರವೇರಿಸಬೇಕೆಂದು ಅವರು ಬಯಸಿದ್ದರು, ಅದರಂತೆಯೇ ನಡೆಯಿತು. ದಲಿತರ ಮಗುವೊಂದು ಓದಿ ಉದ್ಯೋಗ ಹಿಡಿದು ವಾಹನದಲ್ಲಿ ಸಾಗುವಾಗ ಏಳುವ ಧೂಳು ತಮ್ಮನ್ನು ಸೋಕಿದರೆ ಬದುಕು ಸಾರ್ಥಕವೆಂಬುದು ಅವರ ಆಶಯವಾಗಿತ್ತೆಂದು ಜಿಲ್ಲೆಯ ಜನ ಇಂದಿಗೂ ನೆನೆಯುತ್ತಾರೆ.

ಪ್ರಭಾವ ಮತ್ತು ಸ್ಮರಣೆ

ಮಹಾತ್ಮ ಗಾಂಧೀಜಿಯವರು ಹರಿಜನ ಪ್ರವಾಸದ ಅಂಗವಾಗಿ 1934ರ ಫೆಬ್ರುವರಿಯಲ್ಲಿ ಮಂಗಳೂರಿಗೆ ಬಂದಾಗ ಮಿಷನ್ನಿನ ಸಂಸ್ಥೆಗಳಿಗೆ ಭೇಟಿ ನೀಡಿದರು. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಪುರಭವನವೆಂದು ಹೆಸರಿಡಲಾಗಿದೆ. ಅವರ ಸಮಾಧಿಯು ನಗರದ ಬಾಬುಗುಡ್ಡೆಯಲ್ಲಿದೆ.

ತರಬೇತಿಯ ಅವಧಿಯಲ್ಲಿ ಊಟ, ವಸತಿ ಮತ್ತು ವಿದ್ಯಾರ್ಥಿವೇತನ ನೀಡುವುದು ಇಂದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸರಕಾರಿ ಯೋಜನೆಗಳಲ್ಲಿ ಸಾಮಾನ್ಯ ಅಂಶವಾಗಿದೆ. ಇಂತಹ ಏರ್ಪಾಡಿನ ಅಗತ್ಯವನ್ನು ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಮನಗಂಡು, ಸರಕಾರದ ನೆರವಿಗೆ ಕಾಯದೆ ಆಚರಣೆಗೆ ತಂದಿದ್ದರು.