ನಾಲ್ಕು ಜನಕ್ಕೆ ನಾಲ್ಕು ಜಾಯ್‌ಸ್ಟಿಕ್: ಡ್ಯಾನಿಯೆಲ್ ಬಂಟನ್ ಬೆರಿ

ಕಳೆದ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಾವು ನಾಲ್ಕು ಜನ ಸೇರಿ ಹಾಸ್ಟೆಲ್ ರೂಮಲ್ಲಿ ಒಂದು ರಾಸ್ಪ್‌ಬೆರಿ ಪೈಗೆ ಹಳೇ ಗೇಮ್‌ಗಳ ಎಮ್ಯುಲೇಟರ್ ಹಾಕಿದ್ವಿ. ನಾಲ್ಕು ಯುಎಸ್‌ಬಿ ಕಂಟ್ರೋಲರ್ ಸಿಕ್ಕಿಸಿದ್ವಿ. ಪೈ ನಾಲ್ಕನ್ನೂ ಗುರುತಿಸಿತು. ಆದರೆ ಗೇಮ್ ಒಳಗೆ ಮೊದಲ ಎರಡು ಮಾತ್ರ ಕೆಲಸ ಮಾಡ್ತಿದ್ವು. ಮೂರನೆಯವನು, ನಾಲ್ಕನೆಯವನು ಬಟನ್ ಒತ್ತಿ ಒತ್ತಿ ಸುಸ್ತಾದ್ರು. ಕೇಬಲ್ ಬದಲಿಸಿದ್ವಿ, ಮ್ಯಾಪಿಂಗ್ ಮತ್ತೆ ಮಾಡಿದ್ವಿ, ರೀಬೂಟ್ ಮಾಡಿದ್ವಿ. ಏನೂ ಆಗ್ಲಿಲ್ಲ. ಕಾರಣ ಹುಡುಕ್ತಾ ಹೋದಾಗ, ನಾವು ಆಡೋಕೆ ಹೊರಟಿದ್ದ 'ಮ್ಯೂಲ್' ಆಟ ಮಾಡಿದವರ ಕಥೆ ಸಿಕ್ಕಿತು. ನಮ್ಮ ರೂಮಿನ ಸಮಸ್ಯೆ ಅವರಿಗೆ ಬದುಕಿಡೀ ಕಾಡಿದ ಸಮಸ್ಯೆ.

ಡ್ಯಾನಿಯೆಲ್ ಬಂಟನ್ ಬೆರಿ ಹುಟ್ಟಿದ್ದು 1949ರ ಫೆಬ್ರವರಿ 19ರಂದು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಹುಟ್ಟುಹೆಸರು ಡ್ಯಾನ್ ಬಂಟನ್. ಅವರ ಹೆಚ್ಚಿನ ಗೇಮ್‌ಗಳ ಡಬ್ಬದ ಮೇಲೆ ಇರೋದು ಆ ಹೆಸರೇ. ಆರು ಮಕ್ಕಳಲ್ಲಿ ಹಿರಿಯರು. ಹೈಸ್ಕೂಲಲ್ಲಿದ್ದಾಗ ಮನೆಯವರು ಅರ್ಕನ್ಸಾಸ್ ರಾಜ್ಯದ ಲಿಟಲ್ ರಾಕ್ ಊರಿಗೆ ಬಂದರು. ಮನೆಯಲ್ಲಿ ಊಟಕ್ಕೇ ತೊಂದರೆಯಾಗ್ತಿದ್ದ ದಿನಗಳಿದ್ವು. ಓದ್ತಾ ಓದ್ತಾನೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಮನೆಗೆ ನೆರವಾದರು. ಅಂಥ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ನಗ್ತಿದ್ದದ್ದು ಬೋರ್ಡ್ ಗೇಮ್ ಹರಡಿದಾಗ. ಮುಂದೆ ಅವರು ಮಾಡಿದ್ದಕ್ಕೆಲ್ಲ ಬೇರು ಇಲ್ಲೇ ಇದೆ.

ಅವರೂ ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರು. 1974ರಲ್ಲಿ ಅರ್ಕನ್ಸಾಸ್ ವಿಶ್ವವಿದ್ಯಾಲಯದಿಂದ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಡಿಗ್ರಿ. ಓದುವಾಗಲೇ ಒಂದು ಸೈಕಲ್ ಅಂಗಡಿ ಇಟ್ಟಿದ್ದರು. ಆಮೇಲೆ ನಗರಗಳ ಬೆಳವಣಿಗೆಯನ್ನ ಕಂಪ್ಯೂಟರ್ ಮಾದರಿಗಳಾಗಿ ಬರೆಯೋ ಕೆಲಸ ಹಿಡಿದರು. ಬಿಡುವಲ್ಲಿ ಗೇಮ್ ಬರೀತಿದ್ದರು.

1978ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ 'ವೀಲರ್ ಡೀಲರ್ಸ್' ಅನ್ನೋ ಮೊದಲ ಗೇಮ್ ಬಂತು. ನಾಲ್ಕು ಜನ ಒಟ್ಟಿಗೇ ಹರಾಜಿನಲ್ಲಿ ಪೈಪೋಟಿ ಮಾಡೋ ವ್ಯಾಪಾರದ ಆಟ. ಆದರೆ ನಾಲ್ಕು ಜನ ಒಂದೇ ಕ್ಷಣದಲ್ಲಿ ಕೂಗೋಕೆ ಆ ಕಂಪ್ಯೂಟರ್‌ನಲ್ಲಿ ಅನುಕೂಲ ಇರ್ಲಿಲ್ಲ. ಬಂಟನ್ ಆಟವನ್ನ ಇಬ್ಬರಿಗೆ ಇಳಿಸಲಿಲ್ಲ. ಅದಕ್ಕಂತಲೇ ಬೇರೆ ಕಂಟ್ರೋಲರ್ ಮಾಡಿಸಿ ಗೇಮ್ ಜೊತೆಗೇ ಕೊಟ್ಟರು. ಬೇರೆ ಗೇಮ್‌ಗಳು ಪ್ಲಾಸ್ಟಿಕ್ ಚೀಲದಲ್ಲಿ 15 ಡಾಲರ್‌ಗೆ ಸಿಗ್ತಿದ್ದ ಕಾಲ ಅದು, ಇದರ ಬೆಲೆ 35 ಡಾಲರ್ ಆಯ್ತು. ಮಾರಾಟವಾದದ್ದು ಸುಮಾರು 50 ಪ್ರತಿ.

ಲೆಕ್ಕ ಗೊತ್ತಿದ್ದ ಯಾರೇ ಆದರೂ ಅಲ್ಲಿಗೆ ಈ ಹಟ ಬಿಡ್ತಿದ್ದರು. ಅವರು ಎಸ್‌ಎಸ್‌ಐ ಕಂಪನಿಗೆ ಕೆಲವು ಗೇಮ್ ಮಾಡಿಕೊಟ್ಟು, ಆಮೇಲೆ ತಮ್ಮ ಬಿಲ್ ಮತ್ತು ಗೆಳೆಯರ ಜೊತೆ ಲಿಟಲ್ ರಾಕ್‌ನಲ್ಲಿ ಓಝಾರ್ಕ್ ಸಾಫ್ಟ್‌ಸ್ಕೇಪ್ ಶುರು ಮಾಡಿದರು. ಆಗಷ್ಟೇ ಹುಟ್ಟಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್‌ಗೆ ಅವರ ಹಳೆಯ ವ್ಯಾಪಾರದ ಗೇಮ್ ಬೇಕಿತ್ತು, ಹಕ್ಕು ಸಿಗಲಿಲ್ಲ. ಅದಕ್ಕಿಂತ ಚೆನ್ನಾಗಿರೋದನ್ನ ಹೊಸದಾಗೇ ಮಾಡಿಕೊಡ್ತೀನಿ ಅಂತ ಬಂಟನ್ ಒಪ್ಪಿಕೊಂಡರು. ಹಾಗೆ 1983ರಲ್ಲಿ ಬಂದದ್ದೇ 'ಮ್ಯೂಲ್'.

ಮ್ಯೂಲ್ ಅಂದ್ರೆ ಹೇಸರಗತ್ತೆ. ಆಟದಲ್ಲಿ ಅದೊಂದು ಯಂತ್ರದ ಪ್ರಾಣಿ. ಇರಾಟಾ ಅನ್ನೋ ಗ್ರಹಕ್ಕೆ ನಾಲ್ಕು ಜನ ಬಂದಿಳಿದು, ಜಮೀನು ಹಿಡಿದು, ಅದರಲ್ಲಿ ಮ್ಯೂಲ್ ನಿಲ್ಲಿಸಿ ಆಹಾರ, ಶಕ್ತಿ, ಅದಿರು ತೆಗೀತಾರೆ. ಇರಾಟಾ ಪದವನ್ನ ಹಿಂದಿನಿಂದ ಓದಿದ್ರೆ ಅಟಾರಿ. ಪ್ರತಿ ಸುತ್ತಿನ ಕೊನೆಗೆ ಹರಾಜು: ಮಾರೋರು ಪರದೆಯ ಮೇಲ್ತುದಿಯಲ್ಲಿ, ಕೊಳ್ಳೋರು ಕೆಳತುದಿಯಲ್ಲಿ. ಜಾಯ್‌ಸ್ಟಿಕ್ ತಳ್ಳಿದ ಹಾಗೆ ಒಬ್ಬರತ್ತ ಒಬ್ಬರು ನಡೀತಾರೆ, ಎಲ್ಲಿ ಸೇರ್ತಾರೋ ಅದೇ ಬೆಲೆ. ಒಬ್ಬ ಆಹಾರ ಬಚ್ಚಿಟ್ಟರೆ ಇನ್ನೊಬ್ಬನ ಸರದಿಯ ಸಮಯ ಕಡಿಮೆಯಾಗುತ್ತೆ. ಅದಿರು ಖಾಲಿಯಾದ್ರೆ ಯಾರಿಗೂ ಹೊಸ ಮ್ಯೂಲ್ ಸಿಗಲ್ಲ. ಮುಂದಿರುವವನಿಗೆ ಅದೃಷ್ಟ ಒಲಿಯಲ್ಲ, ಹಿಂದುಳಿದವನಿಗೆ ದುರದೃಷ್ಟ ಬಡಿಯಲ್ಲ. ಕೊನೆಗೆ ಗೆದ್ದವರು ಯಾರು ಅನ್ನೋದರ ಜೊತೆಗೆ ಊರು ಒಟ್ಟಾರೆ ಹೇಗಿದೆ ಅಂತಲೂ ಅಂಕ ಬರುತ್ತೆ. ಮನೆಯ ಚಾಪೆ ಮೇಲೆ ಕೂತು ಆಡಿದ ನೆನಪಿನಿಂದ ಮಾತ್ರ ಹುಟ್ಟೋ ನಿಯಮಗಳು ಇವು.

ನಾಲ್ಕೂ ಜನ ಒಂದೇ ಕ್ಷಣದಲ್ಲಿ ನಡೆಯೋ ಈ ಹರಾಜಿಗೆ ಸರಿಯಾಗಿ ಹೊಂದಿದ ಯಂತ್ರ ಅಟಾರಿ 800. ಅದರ ಮುಂಭಾಗದಲ್ಲಿ ನಾಲ್ಕು ಜಾಯ್‌ಸ್ಟಿಕ್ ಪೋರ್ಟ್ ಇದ್ವು. ಒಳಗೆ 6520 ಅನ್ನೋ ಪಿಐಎ ಚಿಪ್, ಅದಕ್ಕೆ 8 ಬಿಟ್‌ನ ಎರಡು ಪೋರ್ಟ್. ಒಂದು ಜಾಯ್‌ಸ್ಟಿಕ್‌ನ ನಾಲ್ಕು ದಿಕ್ಕಿಗೆ ನಾಲ್ಕು ಬಿಟ್ ಸಾಕು. ಹಾಗಾಗಿ ಪೋರ್ಟ್ ಎ ಮೇಲೆ ಮೊದಲ ಇಬ್ಬರು, ಪೋರ್ಟ್ ಬಿ ಮೇಲೆ ಉಳಿದಿಬ್ಬರು. ಆದರೆ ಮ್ಯೂಲ್ ಬಂದ ಅದೇ 1983ರಲ್ಲಿ ಅಟಾರಿ ತನ್ನ ಎಕ್ಸ್‌ಎಲ್ ಸರಣಿ ತಂತು. ಅದರಲ್ಲಿ ಪೋರ್ಟ್ ಬಿಯನ್ನ ಮೆಮೊರಿ ಬದಲಾಯಿಸೋ ಕೆಲಸಕ್ಕೆ ಹಾಕಿ, ಮೂರನೇ ಮತ್ತು ನಾಲ್ಕನೇ ಜಾಯ್‌ಸ್ಟಿಕ್ ತೆಗೆದುಬಿಟ್ಟರು. ಹೆಚ್ಚು ಮಾರಾಟವಾಗ್ತಿದ್ದ ಕಮೋಡೋರ್ 64ರಲ್ಲೂ ಎರಡೇ ಪೋರ್ಟ್. ನಾಲ್ಕು ಜನಕ್ಕಂತ ಮಾಡಿದ ಆಟದ ಕೈಗಳನ್ನ ಹಾರ್ಡ್‌ವೇರ್ ಅರ್ಧಕ್ಕೆ ಇಳಿಸಿತು.

ಮ್ಯೂಲ್ ಸುಮಾರು 30,000 ಪ್ರತಿ ಮಾರಾಟವಾಯ್ತು. ಮರುವರ್ಷ ಒಬ್ಬರೇ ಆಡೋ 'ಸೆವೆನ್ ಸಿಟೀಸ್ ಆಫ್ ಗೋಲ್ಡ್' ಮಾಡಿದಾಗ 1,50,000 ದಾಟಿತು. ಮಾರುಕಟ್ಟೆ ಇದಕ್ಕಿಂತ ಸ್ಪಷ್ಟವಾಗಿ ಏನು ಹೇಳಬೇಕು? ಆದರೂ 1986ರಲ್ಲಿ ಅವರು 'ರೋಬೋಟ್ ರಾಸ್ಕಲ್ಸ್' ತಂದರು, ಒಬ್ಬರೇ ಆಡೋ ಅವಕಾಶವೇ ಇಲ್ಲದ ಆಟ. ಮಾರಾಟವಾದದ್ದು 9,000. 1988ರಲ್ಲಿ ಇಬ್ಬರು ಫೋನ್ ಲೈನ್ ಮೇಲೆ ಆಡೋ 'ಮೋಡೆಮ್ ವಾರ್ಸ್'. ಜನರ ಹತ್ತಿರ ಮೋಡೆಮ್ಮೇ ಇರ್ಲಿಲ್ಲ. ಆಮೇಲೆ ಮೈಕ್ರೋಪ್ರೋಸ್‌ಗೆ ಹೋಗಿ 1990ರಲ್ಲಿ 'ಕಮಾಂಡ್ ಹೆಚ್‌ಕ್ಯೂ', 1992ರಲ್ಲಿ ನಾಲ್ಕು ಜನ ಆಡೋ 'ಗ್ಲೋಬಲ್ ಕಾಂಕ್ವೆಸ್ಟ್' ಮಾಡಿದರು.

1992ರ ನವೆಂಬರ್‌ನಿಂದ ಅವರು ಹೆಣ್ಣಾಗಿ, ಡ್ಯಾನಿಯೆಲ್ ಆಗಿ ಬದುಕು ಶುರು ಮಾಡಿದರು. ಅಲ್ಲಿಂದಾಚೆ ಗೇಮ್ ಉದ್ಯಮದಲ್ಲಿ ಅಷ್ಟಾಗಿ ಮುಂದೆ ಕಾಣಿಸಿಕೊಳ್ಳಲಿಲ್ಲ. ಸೆಗಾ ಜೆನೆಸಿಸ್‌ಗೆ ಮ್ಯೂಲ್ ತರೋ ಯೋಜನೆ ನಡೆದಿತ್ತು. ಆಟಕ್ಕೆ ಬಂದೂಕು, ಬಾಂಬು ಸೇರಿಸಿ ಅಂದರು. ಅವರು ಒಪ್ಪಲಿಲ್ಲ, ಯೋಜನೆ ನಿಂತಿತು. ಕೈಗೆ ಬಂದ ದುಡ್ಡು ಹೋಯ್ತು, ಆಟ ಮಾತ್ರ ಹಾಗೇ ಉಳೀತು.

ಕೊನೆಗೆ ಇಂಟರ್ನೆಟ್ ಬಂತು. 1997ರಲ್ಲಿ ಅವರು ಮೋಡೆಮ್ ವಾರ್ಸ್ ಅನ್ನು 'ವಾರ್‌ಸ್ಪೋರ್ಟ್' ಆಗಿ ಆನ್‌ಲೈನ್‌ಗೆ ತಂದರು. 1998ರ ಮೇ ತಿಂಗಳಲ್ಲಿ ಗೇಮ್ ಡೆವಲಪರ್‌ಗಳ ಸಂಘ ಜೀವಮಾನದ ಸಾಧನೆ ಪ್ರಶಸ್ತಿ ಕೊಟ್ಟಿತು. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದಾಗಿತ್ತು. ಅದೇ ವರ್ಷ ಜುಲೈ 3ರಂದು, 49ನೇ ವಯಸ್ಸಿಗೆ ತೀರಿಕೊಂಡರು. ಆಗ ಅವರ ಕೈಯಲ್ಲಿದ್ದ ಕೆಲಸ ಇಂಟರ್ನೆಟ್‌ನಲ್ಲಿ ಆಡೋ ಮ್ಯೂಲ್. 2000ದಲ್ಲಿ ಬಂದ 'ದ ಸಿಮ್ಸ್' ಗೇಮನ್ನ ವಿಲ್ ರೈಟ್ ಇವರ ನೆನಪಿಗೆ ಅರ್ಪಿಸಿದರು. ಇವತ್ತು ನಾವು ರಾತ್ರಿಯಿಡೀ ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡೋದು ಸಾಮಾನ್ಯ ವಿಷಯ. 50 ಪ್ರತಿ ಮಾರಾಟವಾದಾಗಲೂ ಇದೇ ಬೇಕು ಅಂತ ನಂಬಿದ್ದವರು ಅವರು.

ನಮ್ಮ ಪೈ ವಿಷಯಕ್ಕೆ ಬರೋಣ. ಎಮ್ಯುಲೇಟರ್‌ನಲ್ಲಿ ಯಂತ್ರದ ಮಾದರಿ ಎಕ್ಸ್‌ಎಲ್ ಅಂತ ಇತ್ತು! ನಿಜವಾದ ಎಕ್ಸ್‌ಎಲ್‌ನಲ್ಲೇ ಇಲ್ಲದ ಜಾಯ್‌ಸ್ಟಿಕ್ ಅದು ಎಲ್ಲಿಂದ ಕೊಡುತ್ತೆ? ಮಾದರಿಯನ್ನ ಅಟಾರಿ 800, ಮೆಮೊರಿಯನ್ನ 48 ಕೆಬಿ ಅಂತ ಬದಲಿಸಿದ ತಕ್ಷಣ ನಾಲ್ಕೂ ಕಂಟ್ರೋಲರ್ ಎದ್ದು ಕೂತವು. 1990ರ ನಿಂಟೆಂಡೊ ಎನ್‌ಇಎಸ್ ಆವೃತ್ತಿ ಆಡೋದಾದ್ರೆ 'ಫೋರ್ ಸ್ಕೋರ್' ಅಡಾಪ್ಟರ್ ಆಯ್ಕೆ ಆನ್ ಮಾಡಿ. ಎನ್‌ಇಎಸ್‌ಗೂ ಎರಡೇ ಪೋರ್ಟ್. ಫೋರ್ ಸ್ಕೋರ್ ಒಂದೊಂದರಲ್ಲೂ ಸಾಲಾಗಿ 24 ಬಿಟ್ ಕಳಿಸುತ್ತೆ: ಮೊದಲ ಪೋರ್ಟ್‌ನಲ್ಲಿ ಒಂದನೇ ಆಟಗಾರನ 8, ಮೂರನೆಯವನ 8, ಆಮೇಲೆ ಅಡಾಪ್ಟರ್ ಇದೆ ಅಂತ ತಿಳಿಸೋ ಗುರುತಿನ 8. ಎರಡನೇ ಪೋರ್ಟ್‌ನಲ್ಲಿ ಹೀಗೇ ಎರಡು ಮತ್ತು ನಾಲ್ಕನೆಯವರದ್ದು. ಆ ಆಯ್ಕೆ ಆಫ್ ಇದ್ರೆ ಉಳಿದಿಬ್ಬರು ಇದ್ದಾರೆ ಅಂತ ಗೇಮ್‌ಗೆ ಗೊತ್ತೇ ಆಗಲ್ಲ.

ಕಂಪ್ಯೂಟರ್ ಉಳಿದ ಜಾಗ ತುಂಬುತ್ತೆ, ಹಾಗಾಗಿ ಮ್ಯೂಲನ್ನ ಒಬ್ಬರೇ ಕೂಡ ಆಡಬಹುದು. ಆಡಿ ನೋಡಿ, ಚೆನ್ನಾಗೇ ಇದೆ. ಆಮೇಲೆ ಪಕ್ಕದ ರೂಮಿನವರನ್ನ ಕರೆದು, ಮೂರು ಮತ್ತು ನಾಲ್ಕನೇ ಕಂಟ್ರೋಲರ್ ಅವರ ಕೈಗೆ ಕೊಡಿ. ಹರಾಜಿನಲ್ಲಿ ಯಾರೋ ಒಬ್ಬ ಆಹಾರ ಬಚ್ಚಿಟ್ಟು, ಉಳಿದ ಮೂವರೂ ಅವನ ಮೇಲೆ ಕೂಗಾಡಿದಾಗ ಡ್ಯಾನಿಯೆಲ್ ಯಾವುದಕ್ಕೆ ಹಟ ಹಿಡಿದಿದ್ದರು ಅಂತ ಗೊತ್ತಾಗುತ್ತೆ.