ಆಲ್ಬರ್ಟ್ ಹೈಮ್

ಆಲ್ಪ್ಸ್ ಪರ್ವತಗಳ ರಚನೆಯನ್ನು ಅರಿಯುವುದಕ್ಕೆ ಬಾಳನ್ನೇ ಮುಡಿಪಾಗಿಟ್ಟ ಆಲ್ಬರ್ಟ್ ಹೈಮ್ 1849ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಜನಿಸಿದನು. ಗುರು ಎಷರನು ಕಾಲವಾದ ಬಳಿಕ, 1873ರಲ್ಲಿ, ಅವನ ಸ್ಥಾನದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾದನು.

ಆ ನಾಡಿನ ಗ್ಲಾರುಸ್ ಪ್ರಾಂತದ ಬೆಟ್ಟಗಳಲ್ಲಿ ಒಂದು ಸೋಜಿಗವುಂಟು. ಸಾಮಾನ್ಯವಾಗಿ ಹಳೆಯ ಶಿಲಾಸ್ತರಗಳು ಕೆಳಗೂ ಹೊಸವು ಮೇಲೂ ಇರುತ್ತವೆ. ಇಲ್ಲಿಯಾದರೋ ಸುಮಾರು 25 ಕೋಟಿ ವರ್ಷಗಳಿಗೂ ಹಿಂದಿನ ಶಿಲೆಯು 5 ಕೋಟಿ ವರ್ಷಗಳೊಳಗಿನ ಶಿಲೆಯ ಮೇಲೆ ನೆಲೆಸಿದೆ. ಉತ್ತರ ದಕ್ಷಿಣಗಳೆರಡರಿಂದಲೂ ಸ್ತರಗಳು ಮಡಿಕೆಯಾಗಿ ಮಗುಚಿಕೊಂಡುದೇ ಇದಕ್ಕೆ ಕಾರಣವೆಂದು ಎಷರನು ಬಗೆದಿದ್ದನು. ಹೈಮ್ 1878ರ ತನ್ನ ಗ್ರಂಥದಲ್ಲಿ ಅದನ್ನೇ ಸಮರ್ಥಿಸಿದನು.

1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬೆರ್ತ್ರಾಂ ಬೇರೊಂದು ವಿವರಣೆಯನ್ನು ಮುಂದಿಟ್ಟನು. ದಕ್ಷಿಣದಿಂದ ತಳ್ಳಲ್ಪಟ್ಟ ಒಂದೇ ಬೃಹತ್ ಶಿಲಾಪದರವು ಹೊಸ ಶಿಲೆಗಳ ಮೇಲೇರಿ ಬಂದಿದೆ ಎಂಬುದು ಅವನ ವಾದ. ಹೈಮ್ ಇದನ್ನು ಒಪ್ಪಲಿಲ್ಲ. ಒಪ್ಪಿದರೆ ಗುರುವಿನ ಮಾತೂ ತನ್ನ ಅನೇಕ ವರ್ಷಗಳ ಶ್ರಮದ ಫಲವೂ ಬಿದ್ದುಹೋಗುತ್ತಿದ್ದವು. ಆದರೂ ಸಾಕ್ಷ್ಯಗಳು ಬಲಗೊಂಡಾಗ, ಐವತ್ತು ದಾಟಿದ್ದ ಆ ಪ್ರಖ್ಯಾತ ವಿದ್ವಾಂಸನು ತನ್ನ ನಿಲುವು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡನು. 1922ರಲ್ಲಿ ಪೂರ್ಣಗೊಂಡ, ಸ್ವಿಟ್ಜರ್ಲೆಂಡಿನ ಭೂರಚನೆಯನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಹೊಸ ಸಿದ್ಧಾಂತವನ್ನೇ ವಿವರಿಸಿದನು.

ಹೈಮ್ 1937ರಲ್ಲಿ ನಿಧನ ಹೊಂದಿದನು. 2008ರಲ್ಲಿ ಗ್ಲಾರುಸಿನ ಆ ಬೆಟ್ಟಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಕಥೆಯೊಡನೆ, ಕೀರ್ತಿಗಿಂತ ಸತ್ಯವೇ ಹಿರಿದೆಂದು ನಡೆದುಕೊಂಡ ಹೈಮನ ಹೆಸರೂ ಉಳಿದಿದೆ.