ಶ್ರೀಮತಿ ಕಾರ್ನೇಲಿಯಾ ಸೊರಾಬ್ಜಿಯವರ ವಿದ್ಯಾಸಾಧನೆ

ಶ್ರೇಷ್ಠ ವಿದ್ಯಾಪೀಠಗಳನ್ನು ಸೇರುವುದಕ್ಕೆ ಬೇಕಾದ ಸಿದ್ಧತೆಯು ಪರೀಕ್ಷೆಗೆ ಮುಂಚಿನ ನಾಲ್ಕಾರು ತಿಂಗಳುಗಳ ಕೆಲಸವೆಂದು ಅನೇಕರು ಭಾವಿಸುವರು. ಅದು ಬಾಲ್ಯದಲ್ಲಿ, ಮನೆಯಲ್ಲಿಯೇ ಆರಂಭವಾಗತಕ್ಕದ್ದೆಂಬುದಕ್ಕೆ ಶ್ರೀಮತಿ ಕಾರ್ನೇಲಿಯಾ ಸೊರಾಬ್ಜಿಯವರ ಜೀವನವು ಒಳ್ಳೆಯ ನಿದರ್ಶನವಾಗಿದೆ. ಇವರ ಬಾಲ್ಯದ ಕೆಲವು ವರ್ಷಗಳು ನಮ್ಮ ಬೆಳಗಾವಿಯಲ್ಲಿ ಕಳೆದುವೆಂಬುದು ನಮಗೆ ಸಂತೋಷದ ಸಂಗತಿ.

ಇವರು 1866ನೆಯ ಇಸವಿ ನವೆಂಬರ್ 15ರಲ್ಲಿ ನಾಸಿಕದಲ್ಲಿ ಜನಿಸಿದರು. ತಂದೆಯವರಾದ ಸೊರಾಬ್ಜಿ ಖರ್ಸೇಟ್‌ಜಿಯವರು ಪಾರ್ಸಿ ಮತದಿಂದ ಬಂದ ಕ್ರೈಸ್ತ ಬೋಧಕರು. ಮುಂಬಯಿ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪ್ರವೇಶ ಕೊಡಬೇಕೆಂದು ಶ್ರಮಿಸಿದವರು. ತಾಯಿಯವರಾದ ಫ್ರಾನ್ಸಿನಾ ಅವರು ಪುಣೆಯಲ್ಲಿ ಶಾಲೆಗಳನ್ನು ಸ್ಥಾಪಿಸಿ ನಡೆಯಿಸಿದರು. ಮಕ್ಕಳು ಮನೆಯಲ್ಲಿಯೂ ಮಿಷನ್ ಶಾಲೆಗಳಲ್ಲಿಯೂ ಕಲಿತರು. ಒಮ್ಮೆ ಐಶ್ವರ್ಯವಂತಳಾದ ಒಬ್ಬ ವಿಧವೆಯು ತನ್ನ ಕಾರಭಾರಿಯಿಂದ ಮೋಸಹೋಗಿ ತಾಯಿಯವರಲ್ಲಿ ದುಃಖವನ್ನು ತೋಡಿಕೊಂಡಳು. ಇಂಥಾ ಅಬಲೆಯರಿಗೆ ನೆರವಾಗಲು ನ್ಯಾಯಶಾಸ್ತ್ರವನ್ನು ಕಲಿಯಬೇಕೆಂಬ ಸಂಕಲ್ಪವು ಆಗಲೇ ಈ ಬಾಲಿಕೆಯ ಮನಸ್ಸಿನಲ್ಲಿ ಮೂಡಿತು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಇವರು ಮುಂಬಯಿ ವಿಶ್ವವಿದ್ಯಾನಿಲಯದ ಪ್ರಥಮ ಮಹಿಳಾ ಪದವೀಧರೆಯಾದರು. ಪರೀಕ್ಷೆಯಲ್ಲಿ ಮೊದಲಿಗರಾದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ದೊರೆಯುತ್ತಿತ್ತು. ಅದಕ್ಕೆ ತಾವು ಅರ್ಹರಾಗಿದ್ದರೂ ಹೆಣ್ಣೆಂಬ ಕಾರಣದಿಂದ ಅದು ತಪ್ಪಿತೆಂದು ಇವರು ತಮ್ಮ ಆತ್ಮಕಥೆಯಲ್ಲಿ ತಿಳಿಸಿರುವರು. ಆದಾಗ್ಯೂ ಇವರು ಧೈರ್ಯಗೆಡಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಗಂಡುಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ಫ್ಲಾರೆನ್ಸ್ ನೈಟಿಂಗೇಲ್, ಮೇರಿ ಹಾಬ್‌ಹೌಸ್ ಮೊದಲಾದವರು ಕೊಟ್ಟ ಧನಸಹಾಯದಿಂದ 1889ರಲ್ಲಿ ಆಕ್ಸ್‌ಫರ್ಡಿನ ಸೋಮರ್ವಿಲ್ ವಿದ್ಯಾಲಯವನ್ನು ಸೇರಿದರು.

ಪ್ರವೇಶ ದೊರೆತ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಸಿವಿಲ್ ನ್ಯಾಯಶಾಸ್ತ್ರದ ಉನ್ನತ ಪರೀಕ್ಷೆಗೆ ಅದುವರೆಗೆ ಯಾವ ಸ್ತ್ರೀಯೂ ಕುಳಿತಿರಲಿಲ್ಲ. ಹಿತೈಷಿಗಳ ಮನವಿಯ ಮೇರೆಗೆ ವಿಶ್ವವಿದ್ಯಾನಿಲಯವು ವಿಶೇಷ ಅನುಮತಿಯನ್ನಿತ್ತಿತು. 1892ರಲ್ಲಿ ಇವರು ಆ ಪರೀಕ್ಷೆಯನ್ನು ಕೊಟ್ಟು ತೇರ್ಗಡೆ ಹೊಂದಿದರು. ಆದರೆ ಆಕ್ಸ್‌ಫರ್ಡ್ ಸ್ತ್ರೀಯರಿಗೆ ಪದವಿ ಕೊಡಲಾರಂಭಿಸಿದ್ದು 1920ರಲ್ಲಿ. ಪರೀಕ್ಷೆಯಾಗಿ 30 ವರ್ಷಗಳ ತರುವಾಯ, 1922ರಲ್ಲಿ, ಇವರ ಪದವಿಯು ಕೈಸೇರಿತು.

ಆ ದೀರ್ಘಕಾಲವನ್ನು ಇವರು ವ್ಯರ್ಥವಾಗಿ ಕಳೆಯಲಿಲ್ಲ. 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಅಧಿಕಾರಿಣಿಯಾಗಿದ್ದು, ಪರದೆಯೊಳಗಿನ ನೂರಾರು ಸ್ತ್ರೀಯರ ಹಾಗೂ ಅನಾಥ ಮಕ್ಕಳ ಆಸ್ತಿಯನ್ನೂ ಹಕ್ಕುಗಳನ್ನೂ ಕಾಪಾಡಿದರು. ಬಾಲ್ಯದ ಸಂಕಲ್ಪವು ಹೀಗೆ ಈಡೇರಿತು. ಹಿಂದೂದೇಶದಲ್ಲಿ ಸ್ತ್ರೀಯರಿಗೆ ವಕೀಲವೃತ್ತಿಯು ತೆರೆದ ಬಳಿಕ ಕಲಕತ್ತೆಯಲ್ಲಿ ವಕೀಲಿ ಮಾಡಿದರು. 1954ರಲ್ಲಿ ಲಂಡನ್ನಿನಲ್ಲಿ ದೈವಾಧೀನರಾದರು.

ಪ್ರಿಯ ಭಗಿನಿಯರೇ, ತಾಯಿತಂದೆಗಳೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕ ಸಂಗತಿಗಳು ಎರಡು. ಮಗಳು ದೊಡ್ಡ ವಿದ್ಯಾಲಯವನ್ನು ಸೇರಬೇಕಾದರೆ ಚಿಕ್ಕಂದಿನಲ್ಲಿಯೇ ಆಕೆಗೆ ಓದುವ ಅಭ್ಯಾಸವನ್ನು ಮಾಡಿಸಬೇಕು. ಆ ವಿದ್ಯೆಯು ಯಾರ ಉಪಯೋಗಕ್ಕೆಂಬುದನ್ನೂ ಆಲೋಚಿಸಲು ಕಲಿಸಬೇಕು. ಎರಡನೆಯದಾಗಿ, ಆಕೆಯ ಯೋಗ್ಯತೆಯೊಂದೇ ಎಲ್ಲ ಕಾಲದಲ್ಲಿಯೂ ಸಾಲದು. ತಂದೆಯ ಪ್ರಯತ್ನವೂ ಸ್ನೇಹಿತರ ಸಹಾಯವೂ ಇಲ್ಲದಿದ್ದರೆ ಇವರು ಆಕ್ಸ್‌ಫರ್ಡನ್ನು ಕಾಣುತ್ತಿದ್ದರೋ ಇಲ್ಲವೋ. ನಮ್ಮ ಶಾಲೆಯ ಬಡ ಬಾಲಿಕೆಯರಲ್ಲಿಯೂ ಇಂಥಾ ಯೋಗ್ಯತೆಯುಳ್ಳವರು ಇರುವರು. ಅವರಿಗೆ ಪುಸ್ತಕವನ್ನೋ ಶುಲ್ಕವನ್ನೋ ಒದಗಿಸುವ ಭಾರವು ಇಲ್ಲಿ ಕಲಿತು ಮುಂದುವರಿದ ನಮ್ಮೆಲ್ಲರ ಮೇಲಿದೆ.